ಸದ್ದು ಮಾಡುವ ಪಂಪು

ಆಗೆಲ್ಲ ಭದ್ರಾವತಿಯ ಜನ್ನಾಪುರದಲ್ಲಿ ಗಡಿಯಾರ ಇದ್ದವರೂ ಗಡಿಯಾರವನ್ನು ನಂಬುತ್ತಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಬೇಕು, ಆಮೇಲೆ ಎದ್ದು ಮುಳ್ಳು ತಿರುಗಿಸಬೇಕು. ನಮ್ಮ ಮನೆಯಲ್ಲಿ ಸೈರನ್ನನ್ನೂ ನಂಬುತ್ತಿರಲಿಲ್ಲ. ಕಾರಣ ನಾನು. ಹನ್ನೊಂದು ವರ್ಷದ ನಾನು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹಿತ್ತಲಿನಿಂದ ಕೂಗಿದರೆ, ಅಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಪ್ಯಾಂಟು ಹುಡುಕುತ್ತಿದ್ದ.

ಯಾರ ಧ್ವನಿ ಕೇಳಿದರೂ ಅದು ನನ್ನ ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಹಾಲಿನವಳು, ಪೋಸ್ಟ್‌ಮ್ಯಾನು, ಗಣಿತದ ಮೇಷ್ಟರು, ಕೆಮ್ಮುವ ಪುರೋಹಿತರು ಎಲ್ಲರೂ ನನ್ನೊಳಗೆ ಬಾಡಿಗೆ ಇಲ್ಲದೆ ಇದ್ದರು. ಒಬ್ಬ ಹುಡುಗನ ಧ್ವನಿ ಮಾತ್ರ ನನಗೆ ಸರಿಯಾಗಿ ಬರುತ್ತಿರಲಿಲ್ಲ, ಅದು ನನ್ನದು. ಮೇಷ್ಟರು ಪ್ರಶ್ನೆ ಕೇಳಿದರೆ ಅದು ಇಲಿಮರಿಯ ಹಾಗೆ ಹೊರಡುತ್ತಿತ್ತು.

ಅಪ್ಪ ಕಾರ್ಖಾನೆಯ ಉಗ್ರಾಣದಲ್ಲಿ ಬಂದ ಮಾಲನ್ನು ಪರೀಕ್ಷೆ ಮಾಡುವ ಗುಮಾಸ್ತ. ಹುಳುಕು ಹುಡುಕಿದ್ದಕ್ಕೆ ಸಂಬಳ ಪಡೆಯುವ ಮನುಷ್ಯ. ಮನೆಗೆ ಬಂದ ಮೇಲೂ ಆ ಕೆಲಸ ನಿಲ್ಲುತ್ತಿರಲಿಲ್ಲ. ತೆಂಗಿನಕಾಯಿ ಅಲ್ಲಾಡಿಸಿ ನೋಡುವವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ. ನಮ್ಮಪ್ಪ ಬದನೆಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ.

ಆ ಚಳಿಗಾಲದಲ್ಲಿ ಸರೋಜಕ್ಕನಿಗೆ ಹಳೇನಗರದ ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಹಂಗಾಮಿ ಕೆಲಸ. ಬೆಳಗಿನ ಬಸ್ಸು ಅಲ್ಲಿ ಮುಟ್ಟುವುದು ಪ್ರಾರ್ಥನೆ ಮುಗಿದ ಮೇಲೆ. ಹೊತ್ತಾಗಿ ಬಂದವರ ಹೆಸರಿನ ಮುಂದೆ ಹೆಡ್‌ಮಿಸ್ಸು ಕೆಂಪು ಗೆರೆ ಎಳೆಯುತ್ತಿದ್ದರು. ಕೆಂಪು ಗೆರೆ ಹೆಚ್ಚಾದರೆ ಹಂಗಾಮಿಯವರು ಮನೆಗೆ. ಆದ್ದರಿಂದ, ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರ ಹೆಂಡತಿಯ ಲೇಡೀಸ್ ಸೈಕಲ್ಲನ್ನು ಅಪ್ಪ ಮೂರು ದಿನ ಪರೀಕ್ಷೆ ಮಾಡಿ ತಂದ. ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ಸೈಕಲ್ ಹತ್ತಿದ್ದು ಅದೇ ಮೊದಲು. ಅಕ್ಕ ಸೆರಗು ಸಿಕ್ಕಿಸಿ ಹೊರಟರೆ ಕಿಟಕಿಗಳಿಗೆಲ್ಲ ಕಣ್ಣು ಮೂಡುತ್ತಿದ್ದವು.

ಅದು ಕಬ್ಬು ಕಡಿಯುವ ಕಾಲ. ರಸ್ತೆ ತುಂಬ ಕಬ್ಬಿನ ಗಾಡಿ. ನಾವು ಹುಡುಗರು ಲಗೋರಿ ಬಿಟ್ಟು ಓಡಿ ಹಿಂದಿನಿಂದ ಜಲ್ಲೆ ಎಳೆಯುತ್ತಿದ್ದೆವು, ಗಾಡಿಯವನು ಬೈಯುತ್ತಿದ್ದ, ಆ ಬೈಗುಳವನ್ನೂ ನಾನು ಸಂಜೆಗೆ ಕಲಿತಿರುತ್ತಿದ್ದೆ. ಎತ್ತಿನ ಲಾಳದಿಂದ ಕಳಚಿದ ಮೊಳೆಗಳು ದಾರಿಯುದ್ದಕ್ಕೂ ಬಿದ್ದಿರುತ್ತಿದ್ದವು. ಅಕ್ಕನ ಹಿಂದಿನ ಚಕ್ರ ಅವನ್ನೆಲ್ಲ ಹುಡುಕಿಕೊಂಡು ಹೋಗುತ್ತಿತ್ತು. ತೇಪೆಯ ಮೇಲೆ ತೇಪೆ. ಮನೆ ಬಿಡುವಾಗ ಕಲ್ಲಿನಂತಿದ್ದ ಟೈರು ಸೇತುವೆ ಹತ್ತಿರ ಬರುವಷ್ಟರಲ್ಲಿ ಸುಟ್ಟ ಬದನೆಕಾಯಿ. ಅಲ್ಲೇ ದಸ್ತಗೀರ್ ಸಾಬರ ಸೈಕಲ್ ಅಂಗಡಿ. ಅಕ್ಕ ನಿಲ್ಲುವಳು, ಅವರು ಗಾಳಿ ತುಂಬುವರು, ಅಕ್ಕ ಹೋಗುವಳು. ಅಷ್ಟೇ.

ಆ ‘ಅಷ್ಟೇ’ಯನ್ನು ನಾನು ಅಷ್ಟಕ್ಕೇ ಬಿಡಲಿಲ್ಲ.

ಒಂದು ದಿನ ಅಕ್ಕನ ಸೈಕಲ್ಲಿನ ಹಿಂದೆ ಕೂತು ಅಲ್ಲಿಯವರೆಗೆ ಹೋಗಿದ್ದೆ. ಅವತ್ತು ಊಟಕ್ಕೆ ಕೂತಾಗ ಸಾಬರನ್ನು ಮಾಡಿ ತೋರಿಸಿದೆ. ಹುಬ್ಬು ಕುಣಿಸಿ, ಧ್ವನಿಯನ್ನು ಬೆಲ್ಲದ ಪಾಕದಲ್ಲಿ ಅದ್ದಿ, “ಅರೆ ಟೀಚರಮ್ಮಾ! ನಮ್ದು ಅಂಗಡಿ ಕಂಡ್ರೆ ಸಾಕು, ನಿಮ್ದು ಟೈರು ಉಸ್ಸಂತ ಕೂತ್ಕೊಂಡ್ಬಿಡ್ತದೆ!”

ಅಮ್ಮ ಸಾರಿನ ಸೌಟು ಹಿಡಿದೇ ನಕ್ಕಳು. ಅಕ್ಕನೂ ನಕ್ಕಳು. ಅಜ್ಜಿ ನಗಲಿಲ್ಲ. ಮಜ್ಜಿಗೆ ಬಡಿಸುತ್ತಿದ್ದ ಅವಳ ಕೈ ನಡುದಾರಿಯಲ್ಲಿ ನಿಂತಿತು.

“ದಿನಾ ನಿಲ್ತೀಯೇನೇ ಅಲ್ಲಿ?”

“ಗಾಳಿ ಹೋದ್ರೆ ನಿಲ್ಬೇಕಲ್ಲಜ್ಜಿ.”

“ದಿನಾ ಅಲ್ಲೇ ಹೋಗುತ್ತೋ ಗಾಳಿ?”

ಅಪ್ಪನ ಕಣ್ಣು ಉಗ್ರಾಣದ ಕಣ್ಣಾಯಿತು. “ಹೌದಲ್ಲ! ಅವ್ನೇ ವಾಲ್ವ್ ಸಡ್ಲ ಮಾಡಿ ಕಳಿಸ್ತಾನೆ. ಮಾರನೇ ದಿನ ಅವ್ನೇ ತುಂಬ್ತಾನೆ. ಗಿರಾಕಿ ಹಿಡಿಯೋ ಉಪಾಯ.”

ಅಪ್ಪನ ಅನುಮಾನ ಟೈರಿನ ಮೇಲೆ. ಅಜ್ಜಿಯದು ಬೇರೆ ಕಡೆ ಹೋಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಕ್ಕನ ಎಲೆಗೆ ಮಜ್ಜಿಗೆ ಬಡಿಸದೆ ಮುಂದಕ್ಕೆ ಹೋದಳು. ರಾತ್ರಿಯೇ ತೀರ್ಪು ಬಂತು. ಒಂದು ಕೈಪಂಪು ತರಬೇಕು, ಸೈಕಲ್ಲಿಗೇ ಸಿಕ್ಕಿಸುವಂಥದ್ದು. “ಸೋಮವಾರದಿಂದ ಇವಳು ಆ ಅಂಗಡಿ ಮುಂದೆ ಕಾಲೂರಿದ್ದು ಗೊತ್ತಾದ್ರೆ ಸೈಕಲ್ಲು ಅಟ್ಟಕ್ಕೆ, ಇವಳು ಅಡುಗೆ ಮನೆಗೆ,” ಎಂದಳು ಅಜ್ಜಿ.

ಹಿತ್ತಲಲ್ಲಿ ಅಕ್ಕ ನನ್ನ ಕಿವಿ ಹಿಡಿದಳು. ತಿರುಚಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಅವಳ ಬೆರಳಿನ ಸೀಮೆಸುಣ್ಣದ ಪುಡಿ ನನ್ನ ಕಿವಿಗೆ ಅಂಟಿತು. “ನನ್ನ ಮಕ್ಕಳು ಈಗಷ್ಟೇ ಕಾಗುಣಿತಕ್ಕೆ ಬಂದಿದಾವೆ ಕಣೋ,” ಎಂದಳು. ಅವಳು ಹೊಡೆದಿದ್ದರೆ ವಾಸಿಯಿತ್ತು.

ಶನಿವಾರ ಮಧ್ಯಾಹ್ನ ಅಪ್ಪ ಮತ್ತು ನಾನು ಶಿವಮೊಗ್ಗದ ಬಸ್ಸು ಹತ್ತಿದೆವು. ಭದ್ರಾವತಿಯಲ್ಲೇ ಪಂಪು ಸಿಗುತ್ತಿತ್ತು. ಆದರೆ ಇಲ್ಲಿನ ಅಂಗಡಿಯವರೆಲ್ಲ ದಸ್ತಗೀರನ ಕಡೆಯವರು ಎಂದು ಅಪ್ಪ. ನನ್ನನ್ನು ಕರೆದೊಯ್ದದ್ದಕ್ಕೂ ಕಾರಣ ಇತ್ತು. “ನಿನ್ನ ಕಿವಿ ಚುರುಕು. ಪಂಪು ಸದ್ದು ಮಾಡುತ್ತಲ್ಲ, ಯಾವುದರದ್ದು ಸರಿಯಾದ ಸದ್ದು ನೋಡಿ ಹೇಳು. ಅವರ ಮಾತು ನಂಬೋಕಾಗಲ್ಲ.” ನನ್ನ ಕಸುಬಿಗೆ ಸಿಕ್ಕ ಮೊದಲ ಸರ್ಕಾರಿ ಮಾನ್ಯತೆ ಅದು. ಬಸ್ಸಿನಲ್ಲಿ ಎದೆ ಸೆಟೆಸಿಕೊಂಡೇ ಕೂತಿದ್ದೆ.

ದುರ್ಗಿಗುಡಿಯ ಹೋಟೆಲಿನಲ್ಲಿ ಮಸಾಲೆ ದೋಸೆ. ತುಪ್ಪದ ವಾಸನೆಗೆ ನನ್ನ ಮೂಗು ಅರಳಿತು, ಅಪ್ಪನ ಮೂಗು ಮುದುಡಿತು. “ವಾಸನೆ ಮಾತ್ರ ತುಪ್ಪದ್ದು,” ಎಂದು ದೋಸೆಯ ಅಂಚನ್ನೆತ್ತಿ ಕೆಳಗೆ ಇಣುಕಿದ. ಕೆಳಗೆ ತಟ್ಟೆ ಇತ್ತು.

ಸೈಕಲ್ ಸಾಮಾನಿನ ಅಂಗಡಿಯಲ್ಲಿ ನಶ್ಯ ಏರಿಸುವ ಶೆಟ್ಟರೊಬ್ಬರು ಕೂತಿದ್ದರು. ಮಾತೆಲ್ಲ ಮೂಗಿನಿಂದಲೇ. ಬಾಗಿಲ ಮೇಲಿನ ಮೊಳೆಯಲ್ಲಿ ಒಂದು ಪಂಪು ನೇತಾಡುತ್ತಿತ್ತು, ಬಿಸಿಲಿಗೆ ಬಣ್ಣ ಮಾಸಿತ್ತು. ಶೆಟ್ಟರು ಒಳಗಿನಿಂದ ಎಣ್ಣೆಕಾಗದ ಸುತ್ತಿದ ಹೊಸ ಪಂಪು ತಂದು ಬಿಚ್ಚಿದರು. ಅಪ್ಪ ನನ್ನ ಹೆಬ್ಬೆರಳನ್ನು ಅದರ ಬಾಯಿಗೆ ಒತ್ತಿಸಿ ತಾನು ಹಿಡಿ ತಳ್ಳಿದ. ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಸದ್ದು ಮಾತ್ರ ಇಲ್ಲ.

“ಏನನ್ಸುತ್ತೆ?”

“ಮೂಗ ಇದು,” ಎಂದೆ.

“ಅದು ತೋರಿಸಿ,” ಎಂದು ಅಪ್ಪ ಮೊಳೆಯ ಕಡೆ ಕೈ ಮಾಡಿದ.

“ಅದು ಬೇಡ ಸ್ವಾಮಿ. ಮೂರು ವರ್ಷದಿಂದ ಅಲ್ಲೇ ನೇತಾಡ್ತಿದೆ, ಬರೀ ತೋರಿಕೆಗೆ.”

ಅಪ್ಪ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ. “ನೋಡಿದ್ಯಾ? ತೋರಿಕೆಗೆ ಅಸಲಿ ಇಡ್ತಾರೆ, ಕಟ್ಟಿ ಕೊಡೋದು ನಕಲಿ.”

ಮೊಳೆಯಿಂದ ಇಳಿಸಿದ ಪಂಪನ್ನು ತಳ್ಳಿದ. ಅಬ್ಬಾ, ಎಂಥ ಧ್ವನಿ! ಪುಸ್ಸ್‌ಕ್ಕ್! ಪುಸ್ಸ್‌ಕ್ಕ್! ನಾಟಕದ ರಾಜ ಪ್ರವೇಶ ಮಾಡಿದ ಹಾಗೆ. ನನ್ನ ಬೆರಳಿಗೂ ಒಂದಿಷ್ಟು ಗಾಳಿ ತಾಗಿತು. “ಇದೇ ಅಪ್ಪ!” ಎಂದೆ.

ಶೆಟ್ಟರು ಹೊರಗೆ ನಿಂತಿದ್ದ ತಮ್ಮ ಸೈಕಲ್ ತೋರಿಸಿದರು. “ಎರಡನ್ನೂ ನನ್ನ ಟೈರಿಗೆ ಹೊಡೆದು ನೋಡಿ ಸ್ವಾಮಿ, ಗೊತ್ತಾಗುತ್ತೆ.”

“ಅಂಗಡಿ ಅವನದು, ಟೈರೂ ಅವನದು. ಅದಕ್ಕೇನು ಮಾಡಿಟ್ಟಿದ್ದಾನೋ,” ಎಂದು ಅಪ್ಪ ಮತ್ತೆ ನನ್ನ ಕಿವಿಗೆ. ನೇತಾಡುತ್ತಿದ್ದದ್ದನ್ನೇ ಕಟ್ಟಿಸಿದೆವು. ಶೆಟ್ಟರು ಒಂದು ಚಿಟಿಕೆ ನಶ್ಯ ಏರಿಸಿ ನಮ್ಮಿಬ್ಬರನ್ನೂ ನೋಡಿದ ನೋಟವನ್ನು ನಾನು ಬಸ್ಸಿನಲ್ಲಿ ಅಪ್ಪನಿಗೆ ಮಾಡಿ ತೋರಿಸಿದೆ. ಅಪ್ಪ ಸೀಟಿನಿಂದ ಜಾರುವಷ್ಟು ನಕ್ಕ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪಂಪಿನ ಪರೀಕ್ಷೆ. ನಾನು ಇನ್ನೂರು ಸಲ ತಳ್ಳಿದೆ. ಪುಸ್ಸ್‌ಕ್ಕ್ ಎಂದು ಬೀದಿಗೆಲ್ಲ ಕೇಳಿಸಿತು. ಟೈರು ಮಾತ್ರ ನಿನ್ನೆಯ ಇಡ್ಲಿಯ ಹಾಗೆ ಬೆರಳಿಟ್ಟಲ್ಲಿ ಕುಳಿ ಬೀಳುತ್ತಿತ್ತು. ಅಪ್ಪ ತಳ್ಳಿದ. ಅಕ್ಕ ಬೆವೆತಳು. ಅಜ್ಜಿ ಜಗಲಿಯಲ್ಲಿ ಕೂತು, “ಅಟ್ಟ ಗುಡಿಸಿದ್ದೀನಿ,” ಎಂದಳು.

ಅಪ್ಪ ಶೆಟ್ಟರನ್ನು ಬೈಯುತ್ತಾ ಒಳಗೆ ಹೋದ. ಪಂಪು ಆರಿಸಿದವನು ಯಾರೆಂದು ಅವನಿಗೆ ನೆನಪಾಗುವ ಮೊದಲು ನಾನು ಅದನ್ನು ಅಂಗಿಯೊಳಗೆ ಸೇರಿಸಿ ಓಡಿದೆ. ಆ ಊರಿನಲ್ಲಿ ಪಂಪು ರಿಪೇರಿ ಮಾಡುವವರು ನನಗೆ ಗೊತ್ತಿದ್ದದ್ದು ಒಬ್ಬರೇ.

ದಸ್ತಗೀರ್ ಸಾಬರು ನೀರಿನ ಬಾಂಡ್ಲಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಅಂಗಡಿಯಲ್ಲಿ ರಬ್ಬರ್ ಸಲ್ಯೂಷನ್ನಿನ ಘಾಟು. ನನಗೆ ಆ ವಾಸನೆ ಇಷ್ಟ, ಆದರೆ ಅವತ್ತು ಬಾಗಿಲಲ್ಲೇ ನಿಂತೆ.

“ಬಾರಪ್ಪ, ನಾಟಕದ ಕಂಪನಿ,” ಎಂದರು. “ನನ್ನ ಪಾರ್ಟು ಮಾಡ್ತೀಯಂತೆ?”

“ಇಲ್ಲ... ಯಾರು ಹೇಳಿದ್ದು?”

“ನನ್ನ ಮಗ. ನಿನ್ ಜೊತೆ ಲಗೋರಿ ಆಡಕ್ಕೆ ಬರ್ತಾನಲ್ಲ. ನೀನು ಅಲ್ಲಿ ಮಾಡಿದ ನನ್ನನ್ನ ಅವ್ನು ನನ್ನ ಮುಂದೇನೇ ಮಾಡಿ ತೋರಿಸ್ದ. ಅವ್ನಮ್ಮ ನಕ್ಕಿದ್ದೇ ನಕ್ಕಿದ್ದು. ಅಸಲು ನೀನಲ್ವಾ? ಮಾಡು ನೋಡೋಣ.”

ನಾನು ಪಂಪು ಹಿಡಿದು ನಿಂತೆ. ಓಡಿಹೋಗಬಹುದಿತ್ತು. ಅಕ್ಕನ ಸೈಕಲ್ಲು ಕಣ್ಣ ಮುಂದೆ ಬಂತು. ಮಾಡಿದೆ. ಹುಬ್ಬು ಕುಣಿಯಲಿಲ್ಲ, ಆದರೆ ಪಾಕ ಅದೇ. “ಅರೆ ಟೀಚರಮ್ಮಾ, ನಮ್ದು ಅಂಗಡಿ...”

ಅವರು ಕೊನೆಯವರೆಗೂ ಕೇಳಿದರು. ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕೈ ಒರೆಸಿಕೊಂಡರು.

“ನಾನು ಯಾವಾಗ ನಮ್ದು ನಿಮ್ದು ಅಂದಿದ್ದೀನೋ? ಇದೇ ಊರಲ್ಲಿ ಹುಟ್ಟಿದೋನು. ಆಮೇಲೆ ಈ ಸಕ್ಕರೆ ಎಲ್ಲಿಂದ ತಂದೆ?”

ಆಗ ಅವರ ಧ್ವನಿಯನ್ನು ನಾನು ಮೊದಲ ಸಲ ನಿಜವಾಗಿ ಕೇಳಿಸಿಕೊಂಡೆ. ಗೊಗ್ಗರು ಗಂಟಲು. ಬೆಣಚುಕಲ್ಲಿನ ಮೇಲೆ ಗಾಡಿ ಹೋದ ಹಾಗೆ. ಅದರಲ್ಲಿ ಸಕ್ಕರೆ ಇರಲಿಲ್ಲ. ಸಕ್ಕರೆ ನನ್ನದು. ಹುಬ್ಬೂ ನನ್ನದು.

“ನಾನು ನಿಮ್ಮಕ್ಕನಿಗೆ ದಿನಾ ಹೇಳಿದ್ದು ಒಂದೇ ಮಾತು. ‘ಟೀಚರಮ್ಮ, ಟ್ಯೂಬು ಬದಲಾಯಿಸ್ಬೇಕು ಅಂತ ಮನೇಲಿ ಹೇಳಿ.’ ಹೇಳಿದ್ರಂತೆ. ನಾನು ಟ್ಯೂಬು ಮಾರಕ್ಕೆ ಹಂಗಂತೀನಿ ಅಂದ್ರಂತೆ ನಿಮ್ಮಪ್ಪ.” ಪಂಪು ಕಿತ್ತುಕೊಂಡರು. “ಇದನ್ನ ಆರಿಸಿದ ಪುಣ್ಯಾತ್ಮ ಯಾರು?”

“ಸದ್ದು ಚೆನ್ನಾಗಿತ್ತು...”

“ಒಳ್ಳೇ ಪಂಪು ಸದ್ದು ಮಾಡಲ್ಲ ಬೇಟಾ. ಸದ್ದು ಬರ್ತಿದೆ ಅಂದ್ರೆ ಗಾಳಿ ಹಿಂದಕ್ಕೆ ಓಡ್ತಿದೆ ಅಂತ.”

ಮುಚ್ಚಳ ತಿರುಗಿಸಿ ಒಳಗಿನ ಕಡ್ಡಿ ಎಳೆದರು. ತುದಿಯಲ್ಲಿ ಬಟ್ಟಲಿನಂಥ ಚರ್ಮದ ವಾಷರು. ಮೂರು ವರ್ಷದ ಬಿಸಿಲಿಗೆ ಅದು ಹಲಸಿನ ಹಪ್ಪಳದ ಚೂರಿನಂತೆ ಒಣಗಿ ಮುದುಡಿತ್ತು. ಅದನ್ನು ಬಿಚ್ಚಿ ಕರಟದಲ್ಲಿದ್ದ ಹರಳೆಣ್ಣೆಯಲ್ಲಿ ಮುಳುಗಿಸಿಟ್ಟು ತಮ್ಮ ಟ್ಯೂಬಿನ ಕಡೆ ತಿರುಗಿದರು. ನಾನು ಕರಟವನ್ನೇ ನೋಡುತ್ತಾ ಕೂತೆ. ನನ್ನ ತಲೆಯೊಳಗೆ ಆಗ ಅಪ್ಪನೇ ಮಾತಾಡುತ್ತಿದ್ದ. ಇವರು ಸೇಡು ತೀರಿಸಿಕೊಳ್ಳುತ್ತಾರೆ, ವಾಷರಿಗೆ ಸೂಜಿ ಚುಚ್ಚುತ್ತಾರೆ, ಇಲ್ಲವೇ ತಿರುಪು ಅರ್ಧ ಬಿಡುತ್ತಾರೆ. ಅವರ ಕೈ ಎಲ್ಲಿ ಹೋದರೂ ನನ್ನ ಕಣ್ಣು ಹಿಂದೆಯೇ ಹೋಯಿತು. ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ವಾಷರನ್ನು ಹೆಬ್ಬೆರಳಿನಿಂದ ಅಗಲಿಸಿ ಮತ್ತೆ ಜೋಡಿಸುವಾಗ ನನ್ನ ಮೂಗಿನ ಕೆಳಗೇ ಹಿಡಿದು ಜೋಡಿಸಿದರು.

“ಹೊಡಿ.”

ಹೊಡೆದೆ. ಸದ್ದಿಲ್ಲ. ಅಲ್ಲಿದ್ದ ಸೈಕಲ್ಲಿನ ಟೈರು ನಲವತ್ತು ಎಣಿಸುವುದರೊಳಗೆ ಕಲ್ಲಾಯಿತು.

“ಟೀಚರಮ್ಮನಿಗೆ ಶಾಲೆಗೆ ಹೊತ್ತಾಗಲ್ಲ ಇನ್ನು. ಒಂದು ಕೆಲ್ಸ ಮಾಡ್ತೀಯಾ? ಮನೇಲಿ ಒಂದ್ಸಲ ನನ್ನ ಪಾರ್ಟು ಮಾಡು. ಸಕ್ಕರೆ ಇಲ್ದೆ.”

ಪಂಪನ್ನು ಯಾರಿಗೂ ಹೇಳದೆ ಅಕ್ಕನ ಸೈಕಲ್ಲಿಗೆ ಸಿಕ್ಕಿಸಿ, ಆ ರಾತ್ರಿ ಊಟದಲ್ಲಿ ಮಾಡಿದೆ. ಬೆನ್ನು ಬಗ್ಗಿಸಿ, ಟೈರಿನ ಮೇಲೇ ಕಣ್ಣಿಟ್ಟು, ಗಂಟಲಲ್ಲಿ ಬೆಣಚುಕಲ್ಲು ತುಂಬಿಕೊಂಡು. “ಟೀಚರಮ್ಮ, ಟ್ಯೂಬು ಬದಲಾಯಿಸ್ಬೇಕು ಅಂತ ಮನೇಲಿ ಹೇಳಿ.” ಅಕ್ಕ ತಟ್ಟನೆ ತಲೆ ಎತ್ತಿ ಬಾಗಿಲ ಕಡೆ ನೋಡಿದಳು, ಅವರೇ ಬಂದರೇನೋ ಎಂಬಂತೆ. ನನ್ನ ಜನ್ಮದಲ್ಲಿ ಅಷ್ಟು ಸರಿಯಾಗಿ ಯಾರನ್ನೂ ಮಾಡಿರಲಿಲ್ಲ.

“ನೋಡಿದ್ರಾ, ಟ್ಯೂಬು ಮಾರೋ ಹುನ್ನಾರ,” ಎಂದ ಅಪ್ಪ.

“ಇದು ಸರಿಯಾಗಿ ಬರ್ಲಿಲ್ಲ ಬಿಡೋ,” ಎಂದಳು ಅಜ್ಜಿ. “ಅವತ್ತು ಮಾಡಿದ್ದೇ ಅವನ ಥರ ಇತ್ತು.”

ಸೋಮವಾರ ಅಕ್ಕ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ, ತಾನೇ ಗಾಳಿ ತುಂಬಿಕೊಂಡು, ಗಂಟೆ ಹೊಡೆಯುವ ಮೊದಲೇ ಶಾಲೆ ಮುಟ್ಟಿದಳು. ಅಜ್ಜಿ ಗುಡಿಸಿದ ಅಟ್ಟಕ್ಕೆ ಈರುಳ್ಳಿ ಹೋಯಿತು. ಬೇಸಿಗೆಯಲ್ಲಿ ಅಪ್ಪ ಶಿವಮೊಗ್ಗದಿಂದ ಹೊಸ ಟ್ಯೂಬು ತಂದ, ಯಾರ ಮಾತು ಕೇಳಿ ಎಂದು ಹೇಳಲಿಲ್ಲ. ಅಕ್ಕನ ಕೆಲಸ ಖಾಯಂ ಆಯಿತು. ದಸ್ತಗೀರ್ ಸಾಬರ ಅಂಗಡಿಯ ಮುಂದೆ ಅವಳು ಮತ್ತೆ ಕಾಲೂರಲಿಲ್ಲ, ಊರುವ ಅಗತ್ಯವೂ ಬೀಳಲಿಲ್ಲ. ಅವರು ನಮ್ಮ ಮನೆಯ ಒಂದು ಒಳ್ಳೆಯ ಮಾತಿಗಾಗಿ ಕಾದಿದ್ದರೋ ಇಲ್ಲವೋ, ಅದು ಅವರಿಗೆ ಸಿಗಲಿಲ್ಲ.

ಈಗ ಆ ಅಂಗಡಿ ಇಲ್ಲ. ಗಾಳಿ ಬೇಕಾದರೆ ಪೆಟ್ರೋಲ್ ಬಂಕಿನಲ್ಲಿ ಯಂತ್ರ ಇದೆ. ತುಂಬಿದ ಮೇಲೆ ಕೀಂ ಎನ್ನುತ್ತದೆ, ಟ್ಯೂಬು ಬದಲಾಯಿಸಿ ಎಂದು ಮನೆಗೆ ಹೇಳಿ ಕಳಿಸುವುದಿಲ್ಲ. ಪಂಪು ನನ್ನ ಹತ್ತಿರವೇ ಇದೆ. ಅದಕ್ಕೆ ಚರ್ಮದ ವಾಷರು ಕೇಳಿದರೆ ಅಂಗಡಿ ಹುಡುಗರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೊಮ್ಮಕ್ಕಳು ಹಳೆಯ ಧ್ವನಿಗಳನ್ನು ಮಾಡು ಎಂದು ಗಂಟುಬೀಳುತ್ತವೆ. ಅಜ್ಜಿ ಬರುತ್ತಾಳೆ, ಅಪ್ಪ ಬರುತ್ತಾನೆ, ಶೆಟ್ಟರ ಮೂಗು ಬರುತ್ತದೆ, ಸೈರನ್ ಕೂಡ ಬರುತ್ತದೆ. ದಸ್ತಗೀರ್ ಸಾಬರನ್ನು ಮಾಡಲು ಬಾಯಿ ತೆರೆದರೆ ಮಾತ್ರ ಆ ಪಾಕದ ಧ್ವನಿಯೇ ಹೊರಡುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ, ಎಂಬತ್ತು ದಾಟಿದ ಅಕ್ಕ ಎದ್ದು ಒಳಗೆ ಹೋಗುತ್ತಾಳೆ. ಒಬ್ಬನೇ ಇದ್ದಾಗ ಎಷ್ಟೋ ಸಲ ಕೆಮ್ಮಿ, ಗಂಟಲು ಕೆರೆದು ಆ ಬೆಣಚುಕಲ್ಲಿನ ಸದ್ದಿಗಾಗಿ ಹುಡುಕಿದ್ದೇನೆ, ಸಿಕ್ಕಿಲ್ಲ. ಒಂದೇ ಸಲ ಅದು ನನಗೆ ಸರಿಯಾಗಿ ಬಂದಿತ್ತು. ಅವತ್ತು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.