ನಾಟಕದ ಖರೇ ಕೊನೆ

ಪೀಣ್ಯದ ಒಂದು ಕಾರ್ಖಾನೆಗೆ ಕೆಟ್ಟುನಿಂತ ಕಂಪ್ರೆಸರ್ ರಿಪೇರಿಗೆ ಹೋಗಿದ್ದೆ. ಪ್ಯಾಕಿಂಗ್ ಹೆಂಗಸರು ಊಟ ಮುಗಿಸಿ, ರೇಡಿಯೋ ಸುತ್ತ ಕೂತು ಹಳೇ ಹಾಸ್ಯ ನಾಟಕ ಕೇಳುತ್ತಿದ್ದರು. ಮದುವೆ ಮನೆಯಿಂದ ಓಡಿಹೋದ ಮದುಮಗನ ಕಥೆ.

ಸ್ಪ್ಯಾನರ್ ತೆಗೆದೆ. "ತಡೀರಿ ಅಣ್ಣಾ," ಅಂದರು ಗದಗ ಕಡೆಯ ಶಾಂತಕ್ಕ. "ದಿನಾ ನಾಟಕ ಮುಗಿಯೂದ್ರಾಗ ಈ ಮಷಿನ್ ಸದ್ದು ಸುರು ಆಗತೈತಿ. ಕೊನಿ ನಾವೇ ಕಟ್ಟಿಕೋತೀವಿ. ಹಿಂದ ಈ ನಾಟಕ ಬಂದಾಗೂ ಹಂಗೇ ಮಾಡಿದ್ವಿ. ಇವತ್ತರ ಖರೇ ಕೊನಿ ಕೇಳೂಣು."

ನಾನೂ ಕೂತೆ. ಮದುಮಗ ವಾಪಸ್ ಬಂದ, ಹುಡುಗಿ ಕ್ಷಮಿಸಿದಳು, ವಾಲಗ ಮೊಳಗಿತು. ಯಾರೂ ನಗಲಿಲ್ಲ.

"ಇಷ್ಟೇನಾ? ನಮ್ಮ ಕೊನಿಯೊಳಗ ಆಕಿ ಅವನ ಸ್ಕೂಟರ್ ತಾನೇ ಹೊಡಕೊಂಡು ಕೆಲಸಕ್ಕ ಹೋಗಿದ್ಲು," ಅಂದರು ಶಾಂತಕ್ಕ. "ಲಗೂನ ಮಷಿನ್ ಚಾಲೂ ಮಾಡ್ರಿ ಅಣ್ಣಾ. ನಾಳೆ ಇನ್ನೊಂದು ನಾಟಕ ಐತಿ."

ಯಾವ ಮ್ಯಾನೇಜರೂ ನನ್ನನ್ನು ಇಷ್ಟು ಅವಸರಪಡಿಸಿರಲಿಲ್ಲ.