ಮಾಳಗಿಯ ಮೇಲಿನ ಇಳಕಲ್ ಸೀರೆ

ಮೊನ್ನೆ ಹಳೆಯ ಟ್ರಂಕು ತೆರೆದಾಗ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಅರವತ್ತರ ದಶಕದ ಹುಬ್ಬಳ್ಳಿಯ ನಮ್ಮ ಓಣಿ, ಎದುರು ಮನೆಯ ಸಪಾಟು ಮಾಳಗಿ, ಅದರ ಮೇಲೆ ಹಾಸಿದ ಕೆಂಪು ಸೆರಗಿನ ಇಳಕಲ್ ಸೀರೆ...

ಎದುರು ಮನೆಯ ಅಣ್ಣ ಪೈಲಟ್ ಆಗಲೆಂದು ವಾಯುಪಡೆಗೆ ಹೊರಟ ದಿನ ಅವನವ್ವ ಕೇಳಿದ್ದಳು: "ಅಷ್ಟ ಎತ್ತರದಿಂದ ನಮ್ಮನಿ ಹ್ಯಾಂಗ ಗುರುತು ಹಿಡೀತೀಯೋ?"

"ನಿನ್ನ ಮದಿವಿ ಸೀರಿ ಮಾಳಗಿ ಮ್ಯಾಲ ಹಾಸವ್ವಾ, ಕಾಣತೈತಿ," ಎಂದು ನಕ್ಕಿದ್ದ.

ಮುಂದೆ ಇಡೀ ವಾಯುಪಡೆಗೆ ಆಜ್ಞೆ ಕೊಟ್ಟವನ ಮೊದಲ ಆಜ್ಞೆ ಇದು. ಇಷ್ಟು ನಿಷ್ಠೆಯಿಂದ ಇನ್ನೊಂದು ಪಾಲನೆಯಾಗಿರಲಿಕ್ಕಿಲ್ಲ. ಆಕಾಶದಲ್ಲಿ ಗುಂಯ್ ಎಂದರೆ ಸಾಕು, ನಾವು ಕಾಕು ಎನ್ನುತ್ತಿದ್ದ ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಸೀರೆ ಹೊತ್ತು ನಿಚ್ಚಣಿಕೆ ಏರುವಳು. ಇಳಿದು ಬಂದು, "ಅವನಽ ಇದ್ದ. ಇವತ್ತ ಸ್ವಲ್ಪ ಅಡ್ಡ ಹಾರಿದಾ," ಎಂದು ಓಣಿಗೆ ವರದಿ ಒಪ್ಪಿಸುವಳು.

ಅಣ್ಣ ರಜೆಗೆ ಬಂದಾಗ ಚಹಾಕ್ಕೂ ಮೊದಲು ಒಂದೇ ವಿಚಾರಣೆ. "ಕಂಡಿತೇನೋ?"

"ಕಂಡಿತವ್ವಾ. ಸೆರಗಂತೂ ಲಕಲಕ ಹೊಳೀತಿತ್ತು."

ಅವನ ಭುಜದ ಪಟ್ಟಿಗಳು ಹೆಚ್ಚಿದಂತೆ ಸೀರೆಯ ಬಣ್ಣ ಬಿಸಿಲಿಗೆ ಇಳಿಯುತ್ತ ಹೋಯಿತು.

ಅರವತ್ತೈದರ ಯುದ್ಧ ಬಂತು. ಅಣ್ಣನ ಸುದ್ದಿಯೇ ಇಲ್ಲ. ಕಾಕು ಸೀರೆಯನ್ನು ಮಾಳಗಿಯಿಂದ ಇಳಿಸುವುದನ್ನೇ ಬಿಟ್ಟಳು. ದೇಶರಕ್ಷಣೆಯ ಹೊಣೆ ತಮ್ಮ ಮೇಲೂ ಬಿದ್ದಿದೆಯೆಂದು ಓಣಿಯ ಹಿರಿಯರು ಕಟ್ಟೆಯ ಮೇಲೆ ಸಭೆ ಸೇರಿದರು.

"ಅಕ್ಕಾರ, ಆ ಕೆಂಪು ಸೀರಿ ತಗೀರಿ. ವೈರಿ ವಿಮಾನಕ್ಕ ಗುರುತಾದೀತು."

"ವೈರಿಗೆ ಇಳಕಲ್ ಸೀರಿ ಏನ್ ಗೊತ್ರಿ?" ಎಂದಳು ಕಾಕು. ಆಮೇಲೆ ದನಿ ಇಳಿಸಿ, "ನಾ ತಗದೆ ಅಂದ್ರ ಅಂವಾ ಎಲ್ಲಿಗೆ ಬರಬೇಕ್ರಿ?"

ಸಭೆ ಬರಖಾಸ್ತಾಯಿತು. ಯುದ್ಧ ಮುಗಿದ ಮೇಲೆ ಅಣ್ಣ ಬಂದ, ಆಕಾಶದಿಂದಲ್ಲ, ಸ್ಟೇಶನ್ನಿನಿಂದ ಟಾಂಗಾದಲ್ಲಿ. ಕಾಕು ಅಂದೇ ಸೀರೆ ಮಡಚಿದ್ದು.

ಅವನು ವಾಯುಪಡೆಯ ಮುಖ್ಯಸ್ಥನಾಗುವ ಹೊತ್ತಿಗೆ ಕಾಕು ಇರಲಿಲ್ಲ. ಮನೆ ಖಾಲಿ ಮಾಡಲು ಬಂದವನನ್ನು ಕೇಳಿದೆ: "ಅಣ್ಣಾ, ಖರೇನ ಕಾಣತಿತ್ತೇನು?"

"ಎಲ್ಲೀದು? ಈ ಊರ ಮ್ಯಾಲ ನಾ ಒಮ್ಮಿನೂ ಹಾರಲಿಲ್ಲ," ಎಂದ. ಬಹಳ ಹೊತ್ತು ಮಾಳಗಿ ನೋಡಿದ. "ಆದ್ರ ಯುದ್ಧದಾಗ ಹೊಳ್ಳಿ ಬರೂಮುಂದ, ಕೆಳಗ ಯಾವುದರ ಊರು ಕಂಡ್ರ... ಅಲ್ಲೇ ಎಲ್ಲೋ ಅವ್ವ ಹಾಸ್ಯಾಳ ಅನಸ್ತಿತ್ತು."

ಸೀರೆಯನ್ನು ನನ್ನ ಕೈಗಿಟ್ಟ. "ದಿಲ್ಲಿ ಬಂಗ್ಲೇಕ್ಕ ಮಾಳಗಿ ಇಲ್ಲ. ನೀ ಇಟ್ಟುಕೋ."

ಈಗ ಅಣ್ಣನೂ ಇಲ್ಲ. ಇಂದು ಮುಂಜಾನೆ ಗುಳಿಗೆಯ ವಾಸನೆ ಹೋಗಲೆಂದು ಸೀರೆಯನ್ನು ಮನೆಯ ಮೇಲಿನ ಗಚ್ಚಿಗೆ ಒಯ್ದಿದ್ದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕಡೆ ವಿಮಾನವೊಂದು ಇಳಿಯುತ್ತಿತ್ತು. ಒಣಹಾಕಲು ಹಗ್ಗವಿತ್ತು. ಆದರೂ ನೆಲದ ಮೇಲೆಯೇ ಹಾಸಿದೆ, ಸೆರಗು ಮೇಲೆ ಬರುವಂತೆ...