ಪೂರಿಗಾಲಿಯ ಸೋಮವಾರದ ಹೊಗೆ

ನಮ್ಮ ಪೂರಿಗಾಲಿಯ ಚಿಕ್ಕಬೋರಯ್ಯನಷ್ಟು ಮೆತ್ತಗಿನ ಮನುಷ್ಯನನ್ನು ಮಳವಳ್ಳಿ ಸೀಮೆಯಲ್ಲೇ ನಾನು ಕಂಡಿಲ್ಲ. ಕಬ್ಬು ಬೆಳೆದು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿಕೊಂಡು ತನ್ನ ಪಾಡಿಗೆ ಇದ್ದವನು. ಅಂಥವನನ್ನು ಹಿಡಿದು ಕೂರಿಸಿದರಲ್ಲ, ಅವರ ಬುದ್ಧಿಗಿಷ್ಟು ಬೆಂಕಿ ಬೀಳ!

ಎರಡನೆಯ ಮಹಾಯುದ್ಧದ ಕಾಲ. ಬೆಂಗಳೂರಿನಿಂದ ವಿಮಾನ ಓಡಿಸಲು ಕಲಿಯುವವರು ನಮ್ಮ ತಲೆಯ ಮೇಲೆ ಬಂದು ತಿರುಗಿ ಹೋಗುತ್ತಿದ್ದರು. ಒಂದಕ್ಕೊಂದು ತಾಗಬಾರದೆಂದು ದಂಡಿನವರು ಗುರುತು ಮಾಡಿದರು: ಒಂದು ವಿಮಾನ ಪೂರಿಗಾಲಿಯ ಆಲೆಮನೆಯ ಹೊಗೆ ನೋಡಿ ತಿರುಗಬೇಕು, ಇನ್ನೊಂದು ಬೆಳಕವಾಡಿಯಲ್ಲಿ ಬಾಬು ಜಾನನ ಆಲೆಮನೆಯ ಹೊಗೆ ನೋಡಿ. ದಿನಾ ಒಲೆ ಉರಿಯುತ್ತದೆಯೇ ಎಂದು ಕೇಳಿದಾಗ ಚಿಕ್ಕಬೋರಯ್ಯ ಹೂಂ ಅಂದ. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ, ಗಾಣ ತಿರುಗುವುದಿಲ್ಲ, ಒಲೆಯೂ ಉರಿಯುವುದಿಲ್ಲ ಎಂದು ಬೇರೆ ಹೇಳಬೇಕೆ? ಅದು ಲೋಕಕ್ಕೇ ಗೊತ್ತು ಅಂದುಕೊಂಡ.

ಬಾಬು ಜಾನನ ಗಾಣಕ್ಕೆ ಎಣ್ಣೆ ಇಂಜಿನ್ನು, ಅದಕ್ಕೆ ಯಾವ ವಾರವಾದರೇನು? ಮೊದಲ ಸೋಮವಾರ ಎದ್ದದ್ದು ಅವನ ಹೊಗೆ ಒಂದೇ. ಎರಡು ವಿಮಾನಗಳೂ ಅಲ್ಲೇ ತಿರುಗಿದವು. ರೆಕ್ಕೆಗೆ ರೆಕ್ಕೆ ತಾಗಿ ಒಂದು ಗದ್ದೆಗೆ ಬಿತ್ತು. ಓಡಿಸುತ್ತಿದ್ದವನ ಕಾಲು ಮುರಿಯಿತು.

ಮಳವಳ್ಳಿಯ ಬಂಗಲೆಯಲ್ಲಿ ವಿಚಾರಣೆ. ಹೊಗೆ ನಿಲ್ಲಿಸಲು ಯಾರು ಹೇಳಿಕೊಟ್ಟರು, ಯಾವ ಚಳವಳಿಯವರು? ಎಷ್ಟು ಕೇಳಿದರೂ ಇವನದು ಸೋಮವಾರದ ಮಾತೊಂದೇ. ಬಾಬು ಜಾನ್ ಬೇಕೆಂದೇ ಒಲೆ ಹಚ್ಚಿದ ಅನ್ನು, ಮನೆಗೆ ಹೋಗು ಎಂದು ಗುಮಾಸ್ತ ಕಿವಿಯಲ್ಲಿ ಉಸುರಿದ.

“ಅವ ಒಲೆ ಅಚ್ಚುದ್ದೂ ತೆಪ್ಪಲ್ಲ, ನಾನು ಅಚ್ಚದೆ ಇದ್ದುದ್ದೂ ತೆಪ್ಪಲ್ಲ ಸ್ವಾಮಿ,” ಅಂದ ಚಿಕ್ಕಬೋರಯ್ಯ.

ಸರಿ, ಹಿಂದಿನ ಕೋಣೆಗೆ ತಳ್ಳಿ ಬೀಗ ಹಾಕಿದರು. ಸೋಮವಾರವೂ ಗಾಣ ತಿರುಗಿ ಹೊಗೆ ಕಂಡರಷ್ಟೇ ಬಿಡುವುದು ಅಂದರು. ಎತ್ತು ಹೂಡಿದರೆ ಬಸವಣ್ಣನಿಗೆ ದ್ರೋಹ, ಹೂಡದಿದ್ದರೆ ಅವನು ಒಳಗೇ ಕೊಳೆಯಬೇಕು. ಬರಿ ಒಲೆ ಹಚ್ಚೋಣವೆಂದರೆ ಗಾಣ ತಿರುಗುತ್ತದೆಯೇ ಎಂದು ನೋಡಲು ಆಲೆಮನೆಯ ಕಾವಲಿಗೆ ಪೇದೆ ಕೂತಿದ್ದ. ಹೆಂಡತಿ ಮುದ್ದಮ್ಮ ಏನು ಮಾಡಲೆಂದು ಕೇಳಿ ಕಳಿಸಿದಳು. ಅವನು ಕಿಟಕಿಯಿಂದ ಹೇಳಿ ಕಳಿಸಿದ: “ಎತ್ತು ಮುಟ್ಬ್ಯಾಡಿ. ನಾನು ಇಲ್ಲೇ ಸತ್ರೂ ಸರಿಯೆ.”

ಮುಂದಿನ ಸೋಮವಾರ ಹೊಗೆ ಎದ್ದಿತು. ಬೀಗ ತೆಗೆದರು. ಅವನಿಗೇನೂ ಖುಷಿಯಾಗಲಿಲ್ಲ, ಎತ್ತು ಹೂಡಿಯೇಬಿಟ್ಟರಲ್ಲ ಎಂದು ದಾರಿಯುದ್ದಕ್ಕೂ ಹೆಂಡತಿಯನ್ನು ಬೈದುಕೊಂಡೇ ಬಂದ.

ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಗಾಣದ ನೊಗಕ್ಕೆ ಒಂದು ಕಡೆ ಬೆಳಕವಾಡಿಯಿಂದ ಬಂದ ಬಾಬು ಜಾನ್, ಇನ್ನೊಂದು ಕಡೆ ಮುದ್ದಮ್ಮ ಹೆಗಲು ಕೊಟ್ಟು ತಿರುಗುತ್ತಿದ್ದರು. ಅವಳ ಹೆಗಲ ಮೇಲಿನ ಸೀರೆ ರಕ್ತದಲ್ಲಿ ಒದ್ದೆಯಾಗಿತ್ತು. ಚಿಕ್ಕಬೋರಯ್ಯ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ತಾನು ನೊಗ ಹೊತ್ತ. ಯುದ್ಧ ಮುಗಿಯುವ ತನಕ ಪ್ರತಿ ಸೋಮವಾರವೂ ಹೊತ್ತ.